ಸೀಟು ಇದೆ, ಟಿಕೆಟ್ ಇಲ್ಲ

“ಏಜೆಂಟ್ ನಮ್ಮ ಗದಗಿನಾಂವ, ಟಿಕೆಟ್ ನಂಬರ್ ಕೇಳಿದ್ರ ಬ್ಯಾಸರ ಮಾಡ್ಕೋತಾನ” ಅಂತೀರಲ್ಲ, ನಿಮಗೆ ಬುದ್ಧಿ ಇದೆಯೇನ್ರೀ? ಜಗಳ ಅರ್ಧಕ್ಕೆ ಬಿಟ್ಟು ಸ್ನಾನಕ್ಕೆ ಹೋದಿರಿ, ಉಳಿದದ್ದನ್ನು ಇಲ್ಲಿ ಓದಿ.

ನಮ್ಮ ಪ್ರವಾಸದ ನಾಲ್ಕೂ ವಿಮಾನ ಕಂಪನಿಗಳಿಗೆ ನಾನೇ ಫೋನ್ ಮಾಡಿದೆ. ಮೂವರು ಟಿಕೆಟ್ ಇದೆ ಎಂದರು. ಆಕ್ಲೆಂಡಿನಿಂದ ನಮ್ಮನ್ನು ಕರೆದೊಯ್ಯಬೇಕಾದವರು ಮಾತ್ರ ಸೀಟು ಹಿಡಿದಿಟ್ಟಿದ್ದೇವೆ, ಟಿಕೆಟ್ ಬಂದಿಲ್ಲ ಎಂದರು. ಅರ್ಧ ಭೂಮಿ ಸುತ್ತಿ ಅಲ್ಲೇ ಕೂರಬೇಕಿತ್ತು. ನೀವೋ ನಮ್ಮ ಇಡೀ ರಿಗ್ಗೈ ಬಡಾವಣೆಗೆ ಪೇಡೆ ಹಂಚಿ ಬಂದಿದ್ದೀರಿ.

ಮಿರ್ಕಾಬಿನಲ್ಲಿರುವ ಆ ಏಜೆಂಟನ ಆಫೀಸಿಗೆ ಹೊರಟೆ. ಆ ವಿಮಾನ ಕಂಪನಿಯವರೇ ಫೋನಿನಲ್ಲಿ ಟಿಕೆಟ್ ಬಂತು ಅನ್ನುವವರೆಗೂ ಕುರ್ಚಿ ಬಿಟ್ಟು ಏಳುವುದಿಲ್ಲ. ಅವನಿಗೆ ಬೇಸರವಾದರೆ ಆಗಲಿ.

ಗ್ಯಾಸ್ ಬಂದ್ ಮಾಡಿ. ಉಳಿದ ಮಜ್ಜಿಗೆ ಕುಡಿದುಬಿಡಿ. ಬಿ.ಪಿ. ಗುಳಿಗೆ ಬ್ಯಾಗಿನಲ್ಲಿ ಬೇಡ, ಜೇಬಿನಲ್ಲಿರಲಿ.

ಇಪ್ಪತ್ತು ವರ್ಷದಲ್ಲಿ ಕುವೈತ್ ಬಿಟ್ಟರೆ ಊರು, ಊರು ಬಿಟ್ಟರೆ ಕುವೈತ್ ಕಂಡವಳು ನಾನು. ನಿಮ್ಮನ್ನು ಬೈಯುವಾಗಲೂ ನಗು ಬರುತ್ತಿದೆ. ಹೊರಡುವ ಸಂಭ್ರಮಕ್ಕೆ ಈಗಷ್ಟೇ ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನವರೆಗೆ ಹೋಗಿ ವಾಪಸ್ ಬಂದೆ.

ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇದೆ. ಸಂಜೆ ಬ್ಯಾಗುಗಳ ಸಮೇತ ನೇರ ಏರ್‌ಪೋರ್ಟಿಗೆ ಬನ್ನಿ. ನಾನಿನ್ನು ಈ ಮನೆಗೆ ಬರುವುದು ಪ್ರಪಂಚ ಸುತ್ತಿಕೊಂಡೇ.

ಕಸ್ತೂರಿ