ವಿಭೂತಿ ಹಚ್ಚಿಕೊಂಡು ಒಸಾಕಾಗೆ ಹೋದ ಕೊಳ

ಅಪ್ಪಾಜಿ,

ನೀವು ಇದ್ದಿಲಿನಲ್ಲಿ ಬರೆದ ಹುಲಿಕೆರೆ ಕೊಳದ ಚಿತ್ರ ಇವತ್ತು ಜಪಾನಿನ ಒಸಾಕಾದಲ್ಲಿ ಗೋಡೆ ಏರಿತು. ಅಲ್ಲಿ ಎಲೆ ಕೆಂಪಾಗುವ ಕಾಲಕ್ಕೆ ಪ್ರತಿ ವರ್ಷ ಚಿತ್ರಪ್ರದರ್ಶನ ನಡೆಯುತ್ತದಂತೆ. ಈ ಸಲ ಹಳೆಯ ಕೊಳಗಳ ಚಿತ್ರ ಬೇಕೆಂದು ಅಲ್ಲೇ ಇರುವ ನನ್ನ ನಾದಿನಿ ಹೇಮಲತಾ ತಿಳಿಸಿದ್ದಳು.

ಕಳಿಸುವ ದಿನ ನಮ್ಮತ್ತೆ ಚಿತ್ರದ ಆಕಾಶಕ್ಕೇ ಮೂರು ಗೆರೆ ವಿಭೂತಿ ಎಳೆದುಬಿಟ್ಟರು.

"ಅಯ್ಯೋ, ಏನತ್ತೆ ಇದು!"

"ಅಷ್ಟು ದೂರ ಹೋಗೋದನ್ನ ಬರೀ ಹಣೇಲಿ ಕಳಿಸ್ತಾರೇನೇ?"

ಒರೆಸಿದರೆ ಇದ್ದಿಲೂ ಹೋಗುತ್ತದೆಂದು ಹಾಗೇ ಕಳಿಸಿದೆ. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಕೊಳೆ ಅಂದುಕೊಂಡು ಅವರೇ ಒರೆಸಿಬಿಟ್ಟರೆ? ನೀವು ಹೋದ ಮೇಲೆ ನಿಮ್ಮ ಉಳಿದ ಚಿತ್ರಗಳೆಲ್ಲ ಗೆದ್ದಲು ಪಾಲಾಗಿವೆ, ಇದೊಂದೇ ಇರುವುದು. ಕೇಳಿದವರಿಗೆಲ್ಲ ಮಗು ಮಲಗಲು ಬಿಡುವುದಿಲ್ಲ ಎಂದೆ. ಪಾಪ, ಸಿರಿ ಚೆನ್ನಾಗಿಯೇ ಮಲಗುತ್ತಾಳೆ.

ಬೆಳಿಗ್ಗೆ ಅವಳಿಗೆ ರಾಗಿ ಸರಿ ತಿನ್ನಿಸುವಾಗ ಹೇಮಲತಾಳ ವಿಡಿಯೊ ಕಾಲ್ ಬಂತು.

"ಒರೆಸ್ಲಾ ಅಂತ ಕೇಳಿದ್ರು ಅತ್ತಿಗೆ. ಹಿರಿಯರ ಹರಕೆ ಅದು, ಮುಟ್ಬೇಡಿ ಅಂದೆ. ಅದನ್ನೇ ಅವರ ಭಾಷೇಲಿ ಬರ್ದು ಪಕ್ಕಕ್ಕೆ ಅಂಟಿಸಿದಾರೆ ನೋಡಿ!"

ಗಾಜಿನ ಹಿಂದೆ ಮೂರು ಗೆರೆಯೂ ಇದ್ದವು. ಕೆಳಗೆ ನಿಮ್ಮ ಕೊಳದ ಮೆಟ್ಟಿಲುಗಳು, ಒಂದೂ ಅಳಿಸಿರಲಿಲ್ಲ. ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಸಿರಿಯೇ ಎಳೆದುಕೊಂಡು ತಿಂದಳು.

ನೀವು ಬೇಲೂರಿನಲ್ಲಿ ಮೂರು ದಿನ ಚಿತ್ರಗಳನ್ನಿಟ್ಟು ಕೂತಿದ್ದಾಗ ನಾನು ಹಗರೆಯ ಇದೇ ಮನೆಯಲ್ಲಿದ್ದೆ. ಬಸ್ಸಿಗೆ ಅರ್ಧ ಗಂಟೆಯ ದಾರಿ, ಒಂದು ದಿನವೂ ಬರಲಿಲ್ಲ.

ಇವತ್ತು ಹೇಮಲತಾಳನ್ನು, ಫೋನ್ ಹಿಡಿದ ಅವಳ ಕೈ ನೋಯುವ ತನಕ, ನಿಮ್ಮ ಚಿತ್ರದ ಮುಂದೆ ನಿಲ್ಲಿಸಿಕೊಂಡೆ. ಈಗ ಸಿರಿ ಮಲಗಿದ್ದಾಳೆ. ನಾನೂ ಮಲಗುತ್ತೇನೆ, ಅಪ್ಪಾಜಿ.