ನನ್ನ ರುಜುವಿಗಾಗಿ ನಿಮ್ಮ ಮೇಜಿನಲ್ಲಿ ಕಾದಿರುವ ಕಾಗದ

ಜಿಲ್ಲಾ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ,

ಮಾನ್ಯರೇ,

ನನಗೆ ಶ್ವಾಸಕೋಶದ ಕ್ಯಾನ್ಸರ್ ಇದೆ. ಈ ವಿಷಯ ನಿಮಗೆ ಗೊತ್ತು, ನಿಮ್ಮ ದಾದಿಯರಿಗೆ ಗೊತ್ತು, ನನ್ನ ಹೆಂಡತಿ ಬುರುಲ್ಚಾಗೆ ಗೊತ್ತು, ಪೇಟೆಯಲ್ಲಿ ರೊಟ್ಟಿ ಮಾರುವವಳಿಗೂ ಗೊತ್ತು. ಗೊತ್ತಾಗಬಾರದೆಂದು ನೀವೆಲ್ಲ ಸೇರಿ ತೀರ್ಮಾನಿಸಿದ್ದು ನನ್ನೊಬ್ಬನಿಗೆ ಮಾತ್ರ. ಕ್ಯಾನ್ಸರ್ ಇರುವುದು ನನ್ನ ಎದೆಯಲ್ಲಿ ಎಂಬ ಸಣ್ಣ ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಕಿರ್ಗಿಜರಲ್ಲಿ ಕೆಟ್ಟ ಕಾಯಿಲೆಯ ಹೆಸರನ್ನು ರೋಗಿಗೆ ಹೇಳುವುದಿಲ್ಲ, ಮನೆಯವರನ್ನು ಬದಿಗೆ ಕರೆದು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ಪದ್ಧತಿ, ಒಪ್ಪುತ್ತೇನೆ. ನನ್ನಪ್ಪನಿಗೆ ನಾನೂ ಹಾಗೆಯೇ ಸುಳ್ಳು ಹೇಳಿದ್ದೆ. ನನಗೆ ಸಿಕ್ಕ ಸುಳ್ಳು, ಹಳೆಯ ನೆಗಡಿ ಎದೆಗಿಳಿದಿದೆ ಎಂಬುದು. ಆದರೆ ಗುಟ್ಟು ಮುಚ್ಚಿಡುವ ವಿದ್ಯೆ ನಮ್ಮೂರವರಿಗೆ ಎಲ್ಲಿಂದ ಬರಬೇಕು? ಹನ್ನೊಂದು ವರ್ಷದ ಹಿಂದೆ ನನ್ನ ಕುದುರೆಯ ಜೀನು ಒಯ್ದಿದ್ದ ಪಕ್ಕದ ಮನೆಯವನು ಅದಕ್ಕೆ ಎಣ್ಣೆ ಹಚ್ಚಿ ತಂದುಕೊಟ್ಟ. ಮಾತು ಬಿಟ್ಟಿದ್ದ ಷಡ್ಡಕ ನಾವು ಕುಡಿಯುವ ಹುಳಿ ಬರಿಸಿದ ಕುದುರೆಹಾಲು ಹೊತ್ತು ತಂದು, "ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೋ" ಎಂದ. ನೆಗಡಿಯಾದವನ ಹತ್ತಿರ ಯಾರಾದರೂ ಕ್ಷಮೆ ಕೇಳುತ್ತಾರೆಯೇ?

ಸಂಶಯ ಬಂದು ನಾನೇ ಒಂದು ಪರೀಕ್ಷೆ ಮಾಡಿದೆ. ಬುರುಲ್ಚಾ ಎರಡು ಚಳಿಗಾಲ ಕೂತು ಹೊಲಿದ ಉಣ್ಣೆಯ ಹಾಸಿನ ಮೇಲೆ ಕೆಸರು ಬೂಟು ಹಾಕಿಕೊಂಡೇ ಈ ಕೊನೆಯಿಂದ ಆ ಕೊನೆಗೆ ನಡೆದೆ. ನಲವತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ಸಣ್ಣ ತಪ್ಪಿಗೆ ಅವಳು ನನ್ನ ಏಳು ತಲೆಮಾರನ್ನು ಜಾಲಾಡಿದ್ದಾಳೆ. ಅವತ್ತು ಮಾತ್ರ "ಚಹಾ ಕೊಡ್ಲಾ?" ಎಂದಳು. ಇದು ನೆಗಡಿಯಲ್ಲವೆಂದು ಅಲ್ಲೇ ಖಾತ್ರಿಯಾಯಿತು.

ಇನ್ನು ಗೆಳೆಯ ಶಾಮೆನ್. ಒಂಬತ್ತು ಗುಳಿಯ ಮಣೆಯಾಟದಲ್ಲಿ ನನ್ನನ್ನು ಸೋಲಿಸುವುದೇ ಮೂವತ್ತು ವರ್ಷದಿಂದ ಅವನ ಉದ್ಯೋಗ. ಆ ವಾರ ಅವನು ನನಗೆ ನಾಲ್ಕು ಸಲ ಸೋತ. ಮಣೆ ಮಗುಚಿಹಾಕಿ ಕೇಳಿದೆ.

"ನಿಜ ಹೇಳು. ನಾನು ಸಾಯ್ತಿದೀನಾ?"

"ಹಾಗೇನಿಲ್ಲಪ್ಪ. ನಿನ್ನ ಆಟ ಸುಧಾರಿಸಿದೆ."

"ನನ್ನ ಆಟ ಸುಧಾರಿಸೋದಲ್ಲ ಅಂತ ಇಬ್ರಿಗೂ ಗೊತ್ತು. ಬೊಗಳು."

ಬಾಯಿ ಬಿಟ್ಟ. ಅವನ ಸೊಸೆ ನಿಮ್ಮಲ್ಲೇ ದಾದಿ. ನೆಗಡಿಯ ಪರೀಕ್ಷೆಯೆಂದು ಹೇಳಿ ನನ್ನೆದೆಯಿಂದ ತೆಗೆದ ಗೆಡ್ಡೆಯ ಚೂರು ರಾಜಧಾನಿ ಬಿಷ್ಕೆಕ್‌ಗೆ ಹೋಗಿ, ಪರೀಕ್ಷೆಯಾಗಿ, ಅದಕ್ಕೆ ಹೊಂದುವ ಮಾತ್ರೆ ಇದೆಯೆಂದು ವರದಿ ಬಂದು ಆರು ವಾರವಾಯಿತಂತೆ.

"ಮತ್ತೆ ಯಾಕೆ ಕೊಡ್ತಿಲ್ಲ?"

"ಶುರು ಮಾಡೋಕೆ ನಿನ್ನ ರುಜು ಬೇಕು. ಆ ಕಾಗದದಲ್ಲಿ ಕಾಯಿಲೆ ಹೆಸರಿದೆ. ಓದಿಬಿಟ್ರೆ ನೀನು ಎದೆಗುಂದ್ತೀಯ ಅಂತ ಮುಖ್ಯ ವೈದ್ಯರು ಮೇಜಿನೊಳಗೆ ಇಟ್ಕೊಂಡಿದಾರೆ."

"ನಾನು ಎದೆಗುಂದಬಾರ್ದು ಅಂತ ಎದೇನೇ ಬಿಟ್ಕೊಡ್ತೀರಾ?"

ಶಾಮೆನ್ ಚೆಲ್ಲಿದ ಕಾಯಿಗಳನ್ನು ಹೆಕ್ಕತೊಡಗಿದ. ಇದೇ ಪ್ರಶ್ನೆಯನ್ನು ಈಗ ತಮಗೆ ಕೇಳುತ್ತಿದ್ದೇನೆ.

ತಮ್ಮಲ್ಲಿಗೆ ಬರದೆ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಕಳೆದ ಸೋಮವಾರ ನಿಮ್ಮ ಕಿರಿಯ ವೈದ್ಯನ ಮುಂದೆ ಕುಳಿತೆ. "ಹಿರಿಯರೇ, ನಿಮ್ಮ ಕಡೆಯವ್ರು ಯಾರನ್ನಾದ್ರೂ ಕಳಿಸಿ" ಎಂದ. "ನನ್ನ ಕಡೆಯವನು ನಾನೇ ಕಣಪ್ಪ" ಎಂದೆ. "ಹಾಗಲ್ಲ, ಮೇಲಿನವರ ಅಪ್ಪಣೆ ಇಲ್ದೆ ರೋಗಿಗಳ ಹತ್ರ ರೋಗದ ಮಾತಾಡೋ ಹಾಗಿಲ್ಲ." ಹಾಗಾದರೆ ಆಸ್ಪತ್ರೆಯಲ್ಲಿ ರೋಗಿಯೊಡನೆ ಏನು ಮಾತಾಡಬೇಕು? ಹುಲ್ಲಿನ ಕೊಯ್ಲಿನ ಬಗ್ಗೆಯೇ? ನಾವಿಬ್ಬರೂ ಹಾಗೆಯೇ ಮಾಡಿದೆವು. ಈ ವರ್ಷ ಹುಲ್ಲು ಚೆನ್ನಾಗಿದೆ.

ಮಾನ್ಯರೇ, ನಾನು ಮೂವತ್ತೇಳು ವರ್ಷ ಘಟ್ಟದ ರಸ್ತೆಯಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದವನು. ಹಿಮ ಕುಸಿದಾಗ ಲಾರಿಗಳನ್ನು ತಡೆದು, ದಾರಿ ಕಟ್ಟಿದೆ ಎಂದು ಮುಖಕ್ಕೇ ಹೇಳುತ್ತಿದ್ದೆ. ಬಳಸುದಾರಿ ಎಲ್ಲಿದೆ, ಎಷ್ಟು ದೂರ, ಎಲ್ಲಿ ಜಾರುತ್ತದೆ ಎಂದೂ ಹೇಳುತ್ತಿದ್ದೆ. ಒಬ್ಬ ಚಾಲಕನೂ ಎದೆಯೊಡೆದು ಸಾಯಲಿಲ್ಲ, ನನ್ನನ್ನು ಬೈದುಕೊಂಡು ಗಾಡಿ ತಿರುಗಿಸಿದರು. ಅದರ ಬದಲು ಪಕ್ಕದಲ್ಲಿ ಕುಳಿತ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿ, ಚಾಲಕನಿಗೆ ಮುಂದೆ ಹೋಗೆಂದು ಕೈ ಬೀಸಿದ್ದರೆ? ಮಾತ್ರೆಯಿಂದ ಪೂರ್ತಿ ಗುಣವಾಗದಿರಬಹುದು, ಅದೂ ಬಳಸುದಾರಿಯೇ ಇರಬಹುದು. ಅದು ಕೈಕೊಟ್ಟರೆ ನರಕ್ಕೆ ಏರಿಸುವ ಔಷಧವೂ ಇದೆಯಂತೆ. ನನಗೆ ಭಯವಿದೆ, ಸುಳ್ಳೇಕೆ ಹೇಳಲಿ. ಬದುಕುವ ಆಸೆ ಅದಕ್ಕಿಂತ ಜಾಸ್ತಿ ಇದೆ. ಆ ಆಸೆಯನ್ನು ಆರು ವಾರ ಮೇಜಿನೊಳಗೆ ಇಡಲು ತಮಗೆ ಯಾರು ಹೇಳಿದರು?

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ. ಕಾಗದ ಮೇಜಿನ ಮೇಲಿರಲಿ, ತಾವು ಕುರ್ಚಿಯ ಮೇಲಿರಿ. ಕಾಯಿಲೆಯ ಹೆಸರನ್ನು ನನ್ನ ಮುಖ ನೋಡಿ ಹೇಳಿ, ಇರುವ ದಾರಿಗಳನ್ನೆಲ್ಲ ಹೇಳಿ, ಆರಿಸುವುದನ್ನು ನನಗೆ ಬಿಡಿ. ನನ್ನ ನಂತರ ಬರುವವರಿಗೂ ಹಾಗೆಯೇ ಮಾಡಿ. ಪೆನ್ನು ನಾನೇ ತರುತ್ತೇನೆ.

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ಬುರುಲ್ಚಾಗೆ ಓದಿ ಹೇಳಿದೆ. ಗಂಡನಿಗೆ ಗೊತ್ತಾಗಿದೆಯೆಂಬುದನ್ನು ಅವಳು ಊರವರ ಜೊತೆ ಓದಿ ತಿಳಿಯುವುದು ನ್ಯಾಯವಲ್ಲ. ಅವಳು ಅತ್ತಳು, ನಾನೂ ಅತ್ತೆ. "ಗುರುವಾರ ನಾನೂ ಬರ್ತೀನಿ" ಎಂದಳು. ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ಹಾಸಿನ ಮೇಲಿದ್ದ ನನ್ನ ಕೆಸರು ಬೂಟಿನತ್ತ ನೋಡಿದಳು.

"ಮುದುಕಾ, ಮೊದ್ಲು ಬೂಟು ಬಿಚ್ಚು. ನನ್ನ ಹಾಸಿನ ಗತಿ ಏನ್ ಮಾಡಿದೀಯ ನೋಡು."

ಇಂತಿ,
ಬರಿಗಾಲಲ್ಲಿ ಕೂತು ಸಂತೋಷದಿಂದ ಹಾಸು ಉಜ್ಜುತ್ತಿರುವ
ಕಾದಿರ್‌ಕುಲ್, ನಿವೃತ್ತ ಹಿಮಗಾಡಿ ಚಾಲಕ
(ತಮ್ಮ ಲೆಕ್ಕದಲ್ಲಿ: ಹಳೆಯ ನೆಗಡಿ)