ಭಿಕ್ಷುವಿನ ಎಡಗಾಲಿನ ಚಪ್ಪಲಿ

ತೀರ್ಥರೂಪು ಅಪ್ಪನಿಗೆ,

ಮಂಚದ ಕೆಳಗೆ ನಿಮ್ಮ ಹಳೆಯ ಚಪ್ಪಲಿ ಹುಡುಕಬೇಡಿ. ಕೇಳದೆ ತಂದವಳು ನಾನೇ. ಬೈಯುವುದಿದ್ದರೆ ಪತ್ರ ಮುಗಿಯುವವರೆಗೆ ತಡೆದುಕೊಳ್ಳಿ.

ಧರ್ಮಗ್ರಂಥ ತರಲು ಹನ್ನೆರಡು ವರ್ಷ ನಡೆದ ಬೌದ್ಧ ಭಿಕ್ಷುವಿನ ಸಿನಿಮಾಕ್ಕೆ ನಾನು ಚಪ್ಪಲಿ ಹೊಲಿಯುತ್ತೇನೆಂದಾಗ, "ಸಿನಿಮಾದಲ್ಲಿ ಕಾಲು ಯಾರಮ್ಮ ನೋಡ್ತಾರೆ?" ಎಂದು ನಕ್ಕಿದ್ದಿರಿ. ಯಾತ್ರೆಯ ಕೊನೆಯ ದೃಶ್ಯಕ್ಕೆ ಸವೆದ ಜೋಡು ಬೇಕಿತ್ತು. ನಾನು ಎರಡೂ ಹಿಮ್ಮಡಿಗಳನ್ನು ಸಮನಾಗಿ ಉಜ್ಜಿ ಸವೆಸಿ ಕೊಟ್ಟೆ. ನಿರ್ದೇಶಕರು ತಿರುಗಿಸಿ ನೋಡಿ, "ಇದು ಉಜ್ಜಿದ್ದಮ್ಮಾ, ನಡೆದಿದ್ದಲ್ಲ" ಅಂದುಬಿಟ್ಟರು. ಮುಖಕ್ಕೆ ಹೊಡೆದಂತಾಯಿತು.

ಆಗ ನಿಮ್ಮ ಜೋಡು ನೆನಪಾಯಿತು. ಮೂವತ್ತು ವರ್ಷ ಎಡ ಹೆಗಲಿಗೆ ಅಂಚೆ ಚೀಲ ಹಾಕಿಕೊಂಡು ಮನೆ ಮನೆ ತಿರುಗಿದ ನಿಮಗೆ ಎಡ ಹಿಮ್ಮಡಿಯ ಹೊರ ಅಂಚೇ ಸವೆಯುವುದು. ಭಿಕ್ಷುವಿನ ಹೆಗಲಲ್ಲೂ ಗ್ರಂಥಗಳ ಗಂಟಿತ್ತಲ್ಲ! ಊರಿಗೆ ಬಂದಾಗ ಎತ್ತಿಕೊಂಡು ಹೋದ ನಿಮ್ಮ ಜೋಡನ್ನು ಎದುರಿಗಿಟ್ಟುಕೊಂಡು, ಬೇರೊಂದು ಜೋಡು ಹೊಲಿದು ಹಾಗೆಯೇ ಸವೆಸಿದೆ. ಅದನ್ನು ಮೆಟ್ಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನಟ ತಾನಾಗಿಯೇ ಎಡಕ್ಕೆ ವಾಲಿದ.

"ಯಾರ ನಡಿಗೆ ಇದು?" ಅಂದರು ನಿರ್ದೇಶಕರು.

"ನಮ್ಮಪ್ಪಂದು" ಅಂದೆ, ಎಲ್ಲರಿಗೂ ಕೇಳಿಸುವ ಹಾಗೆ.

ಸಿನಿಮಾ ನೋಡಲು ಬನ್ನಿ, ಕನ್ನಡಕ ಮರೆಯಬೇಡಿ. ಮುಖ ಬಿಡಿ, ಕಾಲು ನೋಡಿ. ಇಷ್ಟು ದಿನ ತೀರ್ಥರೂಪು ಎಂದು ರೂಢಿಗೆ ಬರೆಯುತ್ತಿದ್ದೆ. ಈ ಸಲ ಅರ್ಥ ತಿಳಿದು ಬರೆದಿದ್ದೇನೆ.

ಚಪ್ಪಲಿ ಕದ್ದ
ನಿಮ್ಮ ಮಗಳು